ಅಪ್ಪು ಕೇಕಿಗೆ ಬೆಟ್ಟದ ಹೂ

ಸಿಂದಗಿಯ ಅಭಿಮಾನಿ ಹುಡುಗನೊಬ್ಬ ಪತ್ರ ಹಾಕಿದ್ದಾನೆ: “ಅಣ್ಣಾ, ಮಾರ್ಚ್ 17ಕ್ಕ ಅಪ್ಪು ಹುಟ್ಟಿದ ಹಬ್ಬ. ಗೆಳ್ಯಾರು ಕಟೌಟ್ ನಿಲ್ಲಸೂಣು ಅಂತಾರ. ನಾ ಕೇಕ್ ಅಂತೀನಿ. ಫಾಂಡಂಟ್‌ನ್ಯಾಗ ಅಪ್ಪು ಮಾರಿ ಮಾಡಸಾಕ ಬೇಕರಿಯವರು ಹೇಳಿದ ರೇಟು ಕೇಳಿ ಎದಿ ಧಸಕ್ಕಂತು. ನಾವಾ ಮಾಡಿದ್ರ ಆಗ್ತದೇನ್ರಿ?”

ಆಗ್ತದೆ ತಮ್ಮಾ, ಯಾಕಾಗೋದಿಲ್ಲ! ಕಟೌಟ್ ವಿಷಯದಲ್ಲೂ ನಾನು ನಿನ್ನ ಪಕ್ಷ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಯಶ್ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸುವಾಗ ಕರೆಂಟ್ ತಗುಲಿ ಮೂವರು ಹುಡುಗರು ಸತ್ತರು. ಯಶ್ ಆ ಊರಿಗೇ ಬಂದರು. ಬಂದು ಏನು ಮಾಡಿಯಾರು? ಹೋದ ಮಕ್ಕಳು ಬರಲಿಲ್ಲ. ನಿನ್ನ ಗೆಳೆಯರಿಗೆ ಇದನ್ನು ಓದಿ ಹೇಳು.

ಇನ್ನು ಕೇಕು. ಮೊದಲ ಸಲಕ್ಕೇ ಮಾರಿ ಮಾಡಲು ಹೋಗಬೇಡ. ಮೂಗು ಎಳ್ಳಷ್ಟು ಸೊಟ್ಟಾದರೂ ಅಪ್ಪು ಹೋಗಿ ಬೇರೆ ಯಾರೋ ಆಗಿಬಿಡ್ತಾರೆ! ಅಕಸ್ಮಾತ್ ಚೆನ್ನಾಗೇ ಬಂತು ಅನ್ನು, ಆ ನಗುಮುಖಕ್ಕೆ ಚಾಕು ಹಾಕೋರು ಯಾರು? ನೀನು ಹಾಕ್ತೀಯಾ?

ನನ್ನ ಮಾತು ಕೇಳು, ‘ಬೆಟ್ಟದ ಹೂವು’ ಮಾಡು. 1985ರ ಆ ಚಿತ್ರಕ್ಕೇ ಅಪ್ಪುಗೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ಬಂದದ್ದು. ಕುವೆಂಪು ಅವರ ರಾಮಾಯಣ ದರ್ಶನಂ ಕೊಳ್ಳಲು ಕಾಡಿನ ಆರ್ಕಿಡ್ ಹೂ ತಂದು ಮಾರುವ ಬಡ ಹುಡುಗನ ಕತೆ. ಆರ್ಕಿಡ್ ಎಂದರೆ ಐದು ಎಸಳು, ನಡುವೆ ನಾಲಗೆಯಂಥದೊಂದು. ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಂಡರೆ ಹೊಸಬನ ಕೈಗೂ ಬಗ್ಗುತ್ತದೆ. ಹಿಂದಿನ ದಿನವೇ ಎಸಳು ಕತ್ತರಿಸಿ ಚಮಚದ ಕುಳಿಯಲ್ಲಿ ಒಣಗಲು ಇಡು, ಬೆಳಗಾಗುವಷ್ಟರಲ್ಲಿ ಬಾಗಿ ಗಟ್ಟಿಯಾಗಿರುತ್ತವೆ. ಬಣ್ಣ ಜೆಲ್‌ದೇ ಇರಲಿ, ನೀರು ಬಣ್ಣ ಹಾಕಿದರೆ ಫಾಂಡಂಟ್ ಅಂಟಂಟಾಗುತ್ತದೆ.

ಗೌರಿ ಹುಣ್ಣಿಮೆಗೆ ನಿಮ್ಮ ಕಡೆ ಕಟ್ಟಿಗೆಯ ಅಚ್ಚಿನಲ್ಲಿ ಸಕ್ಕರೆ ಆರತಿ ಮಾಡ್ತಾರಲ್ಲ, ಇದೂ ಸಕ್ಕರೆಯದೇ ಕಸುಬು. ಅದು ಕುದಿಸಿ ಹೊಯ್ಯುವುದು, ಇದು ನಾದಿ ಲಟ್ಟಿಸುವುದು. ಆದರೆ ನಿಮ್ಮ ಮಾರ್ಚ್ ಬಿಸಿಲಿನ ಒಣ ಗಾಳಿಗೆ ಫಾಂಡಂಟ್ ರೊಟ್ಟಿ ಹಿಟ್ಟಿನ ಹಾಗೆ ಅಂಚಿಗೆ ಬಿರಿಯುತ್ತದೆ. ಬೇಕಾದಷ್ಟೇ ತೆಗೆದು ಉಳಿದದ್ದನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿಡು. ಬಿರುಕು ಬಿಟ್ಟರೆ ಬೆರಳಿಗೆ ಚೂರು ಡಾಲ್ಡಾ ಹಚ್ಚಿ ತಿಕ್ಕು.

ಲೆಕ್ಕ ಹೀಗಿದೆ. 8 ಇಂಚು ಅಗಲ, 4 ಇಂಚು ಎತ್ತರದ ಕೇಕಿಗೆ ಮೇಲಿನ 8, ಎರಡು ಬದಿಯ 4 ಮತ್ತು 4 ಸೇರಿ 16. ಕೈಬಿಡುವಿಗೆ ಒಂದು ಕೂಡಿಸಿ 17 ಇಂಚಿನ ದುಂಡು ಲಟ್ಟಿಸು. ದಪ್ಪ 3-4 ಮಿಲಿಮೀಟರ್ ಸಾಕು, ಸುಮಾರು 800 ಗ್ರಾಂ ಹಿಡಿಯುತ್ತದೆ. ಕೆಳಗೆ ಕಾರ್ನ್‌ಫ್ಲೋರ್ ಉದುರಿಸಿಕೋ. ಕೇಕಿಗೆ ಮೊದಲು ಚಾಕೊಲೇಟ್ ಗನಾಶ್ ಸಮನಾಗಿ ಬಳಿದು ಗಟ್ಟಿಯಾಗಲು ಬಿಡು. ತಾಜಾ ಕ್ರೀಮ್ ಹಾಕಿದಿಯೋ, ಅದರ ನೀರಿಗೆ ಮೇಲಿನ ಫಾಂಡಂಟ್ ಕರಗಿ ಜಾರುತ್ತದೆ! ಹೊದಿಸಿದ ಮೇಲೆ ಮೊದಲು ನೆತ್ತಿ ಸವರು, ಆಮೇಲೆ ಬದಿ. ನೆರಿಗೆ ಬಿದ್ದರೆ ಒತ್ತಬೇಡ, ಧೋತರದ ನೆರಿಗೆ ಬಿಡಿಸುವಂತೆ ಹೊರಗೆ ಎಳೆದು ಬಿಡಿಸು. ಗುಳ್ಳೆ ಎದ್ದರೆ ಶುದ್ಧ ಸೂಜಿಯಿಂದ ಚುಚ್ಚು. ಫಾಂಡಂಟ್ ಬರೀ ಸಿಹಿ, ಬಾಯಿಗೆ ಹೊಡೆಯುತ್ತದೆ. ಅದಕ್ಕೇ ಒಳಗಿನ ಕೇಕಿಗೆ ಇಂಡಿಯ ಲಿಂಬೆಹಣ್ಣಿನ ಸಿಪ್ಪೆ ತುರಿದು ಹಾಕು, ಅಂಥ ಲಿಂಬೆ ಪಕ್ಕದಲ್ಲೇ ಇದ್ದಾಗ ಎಸೆನ್ಸ್ ಬಾಟಲಿ ಯಾಕೆ?

ಮುಗಿದ ಕೇಕನ್ನು ಫ್ರಿಜ್ಜಿನಲ್ಲಿ ಇಡಬೇಡ. ಹೊರಗೆ ತೆಗೆದ ಕೂಡಲೇ ಬೆವರಿ ಅಂಟಾಗುತ್ತದೆ. ನೆರಳಲ್ಲಿ, ರಟ್ಟಿನ ಡಬ್ಬದಲ್ಲಿರಲಿ. ಬಸವನ ಬಾಗೇವಾಡಿಯ ಗೆಳೆಯರಿಗೂ ಒಯ್ಯಬೇಕು ಅಂತ ಬರೆದಿದ್ದೀಯಲ್ಲ, ಹಾಗಾದರೆ ಬೆಳಗಿನ ಮೊದಲ ಬಸ್ಸು ಹಿಡಿ, ಡಬ್ಬ ತೊಡೆಯ ಮೇಲೆ. ಹೂ ಬೇರೆ ಡಬ್ಬಿಯಲ್ಲಿರಲಿ. ಊರು ಮುಟ್ಟಿದ ಮೇಲೆ ಎಸಳಿನ ಬೆನ್ನಿಗೆ ಚೂರು ಗನಾಶ್ ಹಚ್ಚಿ ಕೂಡಿಸು.

ಮುದ್ದೇಬಿಹಾಳದವರೇ, ನಿಮ್ಮ ಪತ್ರ ತಲುಪಿದೆ. ಉತ್ತರ ಮುಂದಿನ ವಾರ.