ಒಂದು ಗೆಲುವು, ಹತ್ತು ಸೋಲು

ಕಳೆದ ಬೇಸಿಗೆಯಲ್ಲಿ ನಮ್ಮ ಎದುರುಮನೆಯ ಹುಡುಗ ಅಮೆರಿಕದಿಂದ ರಜೆಗೆಂದು ಬಂದಿದ್ದ. ಕ್ಯಾನ್ಸಸ್ ರಾಜ್ಯದ ಮ್ಯಾನ್‌ಹ್ಯಾಟನ್ ಎಂಬ ಊರಿನಲ್ಲಿ ಅವನ ವ್ಯಾಸಂಗ. ಮ್ಯಾನ್‌ಹ್ಯಾಟನ್ ಎಂದೊಡನೆ ಗಗನಚುಂಬಿ ಸೌಧಗಳ ನ್ಯೂಯಾರ್ಕನ್ನು ನೆನೆದು ಅವನ ತಾಯಿ ಬೀದಿಯವರೊಡನೆಲ್ಲ ಹೆಮ್ಮೆಯಿಂದ ಹೇಳಿಕೊಂಡಿದ್ದರು. ಅದು ಬೇರೆಯ ಮ್ಯಾನ್‌ಹ್ಯಾಟನ್, ಹುಲ್ಲುಗಾವಲಿನ ಗುಡ್ಡಗಳ ನಡುವಣ ಸಣ್ಣ ಊರು ಎಂದು ಮಗನೇ ಬಂದು ತಿದ್ದಬೇಕಾಯಿತು. ಬಂದ ದಿನದಿಂದ ಹೊರಡುವ ದಿನದವರೆಗೂ ಆತ ತೊಟ್ಟದ್ದು ಒಂದೇ ಬಗೆಯ ನೇರಳೆ ಬಣ್ಣದ ಅಂಗಿ. ಎದೆಯ ಮೇಲೆ ಕಾಡುಬೆಕ್ಕಿನ ಮುಖ.

“ಏನಪ್ಪಾ, ಅಲ್ಲಿ ಬೇರೆ ಬಣ್ಣದ ಬಟ್ಟೆ ಸಿಕ್ಕುವುದಿಲ್ಲವೆ?” ಎಂದು ಒಂದು ಸಂಜೆ ಕೇಳಿದೆ.

“ಮೇಷ್ಟ್ರೇ, ಪಂದ್ಯದ ದಿನ ನಮ್ಮೂರಿಗೆ ಬಂದು ನೋಡಿ. ಬೇರೆ ಬಣ್ಣ ಕಣ್ಣಿಗೇ ಬೀಳುವುದಿಲ್ಲ. ಆದರೆ ನಮ್ಮ ಪ್ರೊಫೆಸರು ಹೇಳುತ್ತಾರೆ, ಹಿಂದೆ ಆ ಬಣ್ಣ ತೊಟ್ಟು ಹೊರಗೆ ಹೋಗಲು ಜನ ನಾಚುತ್ತಿದ್ದರಂತೆ.”

ಬಣ್ಣಕ್ಕೆ ನಾಚುವುದೆಂದರೇನು ಎಂಬ ಕುತೂಹಲದಿಂದ ನಾನು ಆ ತಂಡದ ಕಥೆಯನ್ನು ಓದತೊಡಗಿದೆ. ಕನ್ನಡದ ಮೇಷ್ಟರಿಗೆ ಅಮೆರಿಕದ ಫುಟ್‌ಬಾಲಿನ ಗೊಡವೆ ಏಕೆಂದು ನನ್ನ ಹೆಂಡತಿ ಕೇಳಿದ್ದುಂಟು. ವಾಚಕರೂ ಕೇಳಬಹುದು. ಸ್ವಲ್ಪ ತಾಳ್ಮೆಯನ್ನು ಬೇಡುತ್ತೇನೆ.

ಮೊದಲಿಗೆ ಆಟದ ವಿಷಯ. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಅದರಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಚೆಂಡು ಮೊಟ್ಟೆಯಾಕಾರದ್ದು. ನೂರು ಗಜದ ಬಯಲು, ಪಕ್ಷಕ್ಕೆ ಹನ್ನೊಂದು ಮಂದಿ. ಚೆಂಡು ಕೈಗೆ ಬಂದ ಪಕ್ಷಕ್ಕೆ ನಾಲ್ಕು ಯತ್ನಗಳ ಅವಕಾಶ. ಆ ನಾಲ್ಕರಲ್ಲಿ ಹತ್ತು ಗಜ ಮುಂದೊತ್ತಿದರೆ ಮತ್ತೆ ನಾಲ್ಕು. ಎದುರಾಳಿಯ ಕೊನೆಯ ಗೆರೆಯನ್ನು ಚೆಂಡಿನೊಡನೆ ದಾಟಿದರೆ ಆರು ಅಂಕ. ಎರಡು ಸೈನ್ಯಗಳು ಗೇಣು ಗೇಣು ನೆಲಕ್ಕಾಗಿ ಕಾದಾಡಿದಂತೆ. ಅಲ್ಲಿನ ಕಾಲೇಜು ಪಂದ್ಯಗಳಿಗೆ ಜನ ಜಾತ್ರೆಯಂತೆ ನೆರೆಯುತ್ತಾರೆ. ಈ ಮ್ಯಾನ್‌ಹ್ಯಾಟನ್ನಿನಲ್ಲಿ ಊರಿನ ಜನಸಂಖ್ಯೆ ಸುಮಾರು 50,000. ಕ್ರೀಡಾಂಗಣದ ಆಸನಗಳೂ ಸುಮಾರು ಅಷ್ಟೇ.

ವಿದ್ಯಾಪೀಠ ಹುಟ್ಟಿದ್ದು 1863ರಲ್ಲಿ, ವ್ಯವಸಾಯದ ಕಾಲೇಜಾಗಿ. ಸರ್ಕಾರ ದಾನವಾಗಿತ್ತ ಭೂಮಿಯ ಆಧಾರದಿಂದ ರೈತರ ಮಕ್ಕಳಿಗಾಗಿ ಕಟ್ಟಿದ ಇಂಥ ಕಾಲೇಜುಗಳ ಮಾದರಿಯಲ್ಲಿಯೇ 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತೆಂಬುದು ನಮ್ಮವರಿಗೆ ತಿಳಿದಿದ್ದರೆ ಚೆನ್ನ. ಇಂದು ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾನಿಲಯವೆಂದು ಹೆಸರು. ಬೇಸಾಯದಲ್ಲಿ ಅದಕ್ಕೆ ಎಷ್ಟು ಕೀರ್ತಿಯಿದ್ದಿತೋ ಫುಟ್‌ಬಾಲಿನಲ್ಲಿ ಅಷ್ಟೇ ಅಪಕೀರ್ತಿ. ಅದು ಸೇರಿದ್ದ ‘ಬಿಗ್ ಏಯ್ಟ್’ ಎಂಬ ಎಂಟು ವಿದ್ಯಾಪೀಠಗಳ ಕೂಟದಲ್ಲಿ ನೆಬ್ರಾಸ್ಕ, ಓಕ್ಲಹೋಮಗಳಂಥ ಮಹಾರಥರಿದ್ದರು. ಇವರು ವರ್ಷ ವರ್ಷವೂ ಹೋಗಿ ಸೋತು ಬರುತ್ತಿದ್ದರು. ಆ ದರ್ಜೆಯ ತಂಡಗಳಲ್ಲಿ 500 ಸೋಲುಗಳನ್ನು ಮೊಟ್ಟಮೊದಲು ಪೂರೈಸಿದ ತಂಡ ಇದೇ.

1986ರ ಅಕ್ಟೋಬರಿನಲ್ಲಿ ಒಂದು ಪಂದ್ಯವನ್ನು ಗೆದ್ದರು. ಆಮೇಲೆ ಗೆಲುವು ಎಂಬುದೇ ನಿಂತುಹೋಯಿತು. 1987ರ ಹನ್ನೊಂದು ಪಂದ್ಯಗಳಲ್ಲಿ ಹತ್ತು ಸೋಲು, ಒಂದು ಸಮ. 1988ರಲ್ಲಿ ಹನ್ನೊಂದಕ್ಕೆ ಹನ್ನೊಂದೂ ಸೋಲು. ಒಟ್ಟು 27 ಪಂದ್ಯಗಳು ಗೆಲುವಿಲ್ಲದೆ ಕಳೆದವು. 1989ರಲ್ಲಿ ಅಲ್ಲಿನ ಪ್ರಸಿದ್ಧ ಕ್ರೀಡಾ ವಾರಪತ್ರಿಕೆ ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’, ‘ನಿಷ್ಫಲ ವಿಶ್ವವಿದ್ಯಾನಿಲಯ’ ಎಂಬರ್ಥದ ತಲೆಬರಹ ಕೊಟ್ಟು ಇವರ ಮೇಲೆ ದೀರ್ಘವಾದ ಲೇಖನವನ್ನೇ ಬರೆಯಿತು. ಆಡುವ ಹುಡುಗರು ಹತ್ತೊಂಬತ್ತು ಇಪ್ಪತ್ತರ ವಯಸ್ಸಿನವರು. ತಮ್ಮ ಸೋಲನ್ನು ದೇಶವೆಲ್ಲ ಓದಿ ನಗುತ್ತಿದೆಯೆಂದು ತಿಳಿದೂ ಮರುದಿನ ಬೆಳಗ್ಗೆ ತರಗತಿಗೆ ಹೋಗಿ ಕೂಡಬೇಕಾದ ಹುಡುಗರು. ಬಣ್ಣಕ್ಕೆ ನಾಚುವುದೆಂದರೆ ಇದು.

ಇಂಥ ತಂಡಕ್ಕೆ 1988ರ ನವೆಂಬರಿನಲ್ಲಿ ಮುಖ್ಯ ತರಬೇತುದಾರರಾಗಿ ಬಂದವರು ಬಿಲ್ ಸ್ನೈಡರ್. ಆಗ ಅವರಿಗೆ ನಲವತ್ತೊಂಬತ್ತು ವರ್ಷ. ಎಳವೆಯಲ್ಲಿ, ಅಂಗಡಿಯೊಂದರಲ್ಲಿ ದುಡಿಯುತ್ತಿದ್ದ ತಾಯಿಯ ಆಸರೆಯೊಂದರಲ್ಲಿಯೇ ಬೆಳೆದವರು. ಹತ್ತು ವರ್ಷ ಅಯೋವ ವಿಶ್ವವಿದ್ಯಾನಿಲಯದಲ್ಲಿ ಹೇಡನ್ ಫ್ರೈ ಎಂಬ ಹಿರಿಯರ ಕೈಕೆಳಗೆ ಸಹಾಯಕರಾಗಿದ್ದರು. ಇದು ಮುಖ್ಯವಾದ ಸಂಗತಿ. ಏಕೆಂದರೆ ಅಯೋವ ತಂಡವೂ ಫ್ರೈ ಅವರು ಬರುವ ಮುನ್ನ ಹದಿನೇಳು ವರ್ಷ ತಲೆಯೆತ್ತಿರಲಿಲ್ಲ. ಅದು ಎದ್ದು ನಿಂತುದನ್ನು ಸ್ನೈಡರ್ ಹತ್ತಿರದಿಂದ ಕಂಡಿದ್ದರು. ಬಿದ್ದವನು ಏಳಬಲ್ಲನೆಂಬುದು ಉಳಿದವರಿಗೆ ಬರಿಯ ಹಾರೈಕೆ. ಅವರಿಗೆ ಕಣ್ಣಾರೆ ಕಂಡ ಕೆಲಸ.

ಬಂದವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಬಲು ಸಣ್ಣದಾಗಿ ತೋರುತ್ತದೆ. ತಂಡದ ಲಾಂಛನವನ್ನೇ ಬದಲಿಸಿದರು. ಅದೇ ವಿಶ್ವವಿದ್ಯಾನಿಲಯದ ಕಲಾ ಅಧ್ಯಾಪಕರೊಬ್ಬರು 1989ರಲ್ಲಿ ಹೊಸ ಕಾಡುಬೆಕ್ಕಿನ ಮುಖವನ್ನು ಬರೆದುಕೊಟ್ಟರು. ನಮ್ಮ ಹುಡುಗನ ಅಂಗಿಯ ಮೇಲಿದ್ದದ್ದು ಅದೇ. ಸೋಲಿನ ನೆನಪು ಅಂಟಿದ್ದ ಹಳೆಯ ಗುರುತನ್ನು ಹುಡುಗರ ತಲೆಯ ಮೇಲಿನಿಂದ ಇಳಿಸಿದುದು ವೇಷ ಬದಲಿಸುವ ಆಡಂಬರವಲ್ಲವೆಂದು ನನ್ನ ಭಾವನೆ. ಇದರೊಡನೆ ಹದಿನಾರು ಗುರಿಗಳ ಪಟ್ಟಿಯೊಂದನ್ನೂ ಮುಂದಿಟ್ಟರು. ಬದ್ಧತೆ, ನಿಸ್ವಾರ್ಥ, ಒಗ್ಗಟ್ಟು, ದಿನದಿನದ ಸುಧಾರಣೆ, ತಪ್ಪುಗಳ ನಿವಾರಣೆ, ಕೈಚೆಲ್ಲದಿರುವುದು, ಹೀಗೆ. ನಮ್ಮ ಶಾಲೆಗಳ ಗೋಡೆಯ ಮೇಲಿನ ಸುಭಾಷಿತಗಳಂತೆಯೇ ಇವೆ ಎಂದು ನಾನೂ ಮೊದಲು ಮೂಗು ಮುರಿದೆ. ಆಮೇಲೆ ಕಂಡಿತು, ಇಷ್ಟು ಪಂದ್ಯ ಗೆಲ್ಲಬೇಕೆಂಬ ಲೆಕ್ಕ ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ವಿರಾಟಪರ್ವದ ಉತ್ತರಕುಮಾರನ ಪ್ರಸಂಗ ಇಲ್ಲಿ ನೆನಪಾಗುತ್ತದೆ. ಕೌರವಸೇನೆಯನ್ನು ಕಂಡು ರಥದಿಂದ ಧುಮುಕಿ ಓಡಿದ ಆ ಹುಡುಗನನ್ನು ಬೃಹನ್ನಳೆ ಹಿಡಿದು ತಂದು, ಕುದುರೆಯ ಹಗ್ಗವನ್ನು ಅವನ ಕೈಗಿತ್ತು, ಗಾಂಡೀವವನ್ನು ತಾನೇ ಎತ್ತಿಕೊಂಡ. ಯುದ್ಧ ಗೆದ್ದಿತು. ಆದರೆ ಆಟದ ತರಬೇತುದಾರನಿಗೆ ಆ ಸೌಕರ್ಯವಿಲ್ಲ. ಅವನು ಗೆರೆಯಿಂದಾಚೆಗೆ ನಿಂತಿರಬೇಕು. ಓಡಿಹೋಗುವ ಉತ್ತರನಿಂದಲೇ ಬಿಲ್ಲು ಹಿಡಿಸಬೇಕು. ಮೇಷ್ಟರ ಪಾಡೂ ಅದೇ, ಪರೀಕ್ಷೆಯ ಕೊಠಡಿಯಲ್ಲಿ ನಾವು ಬರಿಯ ಕಾವಲುಗಾರರು.

1989ರ ಆಟದ ಋತು ಆರಂಭವಾಯಿತು. ಮೊದಲ ಮೂರು ಪಂದ್ಯಗಳಲ್ಲಿಯೂ ಸೋಲು. ಗೆಲುವಿಲ್ಲದ ಪಂದ್ಯಗಳ ಲೆಕ್ಕ 30ಕ್ಕೆ ಏರಿತು. ನಾಲ್ಕನೆಯದು ಸೆಪ್ಟೆಂಬರ್ 30ರಂದು, ನಾರ್ತ್ ಟೆಕ್ಸಾಸ್ ತಂಡದೊಡನೆ. ಆ ತಂಡ ಒಂದು ಮೆಟ್ಟಲು ಕೆಳಗಿನ ದರ್ಜೆಯದು. ಅದನ್ನು ಸೋಲಿಸಿದರೂ ಹೆಚ್ಚೇನೂ ಕೀರ್ತಿಯಿರಲಿಲ್ಲ. ಆದರೂ ಕೊನೆಯ ಗಳಿಗೆಯವರೆಗೆ ಇವರೇ ಹಿಂದುಳಿದಿದ್ದರು. ಇನ್ನೊಂದೇ ಯತ್ನಕ್ಕೆ ಕಾಲವುಳಿದಿತ್ತು. ಕಾರ್ಲ್ ಸ್ಟ್ರಾ ಎಂಬ ಆಟಗಾರ ಹನ್ನೆರಡು ಗಜದಾಚೆಗೆ ಚೆಂಡನ್ನು ಎಸೆದ; ಫ್ರಾಂಕ್ ಹೆರ್ನಾಂಡೆಜ್ ಗೆರೆಯಾಚೆ ಅದನ್ನು ಹಿಡಿದ. 20ಕ್ಕೆ 17. ಕ್ಯಾನ್ಸಸ್ ಸ್ಟೇಟ್ ಸುಮಾರು ಮೂರು ವರ್ಷಗಳ ಮೇಲೆ ಒಂದು ಪಂದ್ಯವನ್ನು ಗೆದ್ದಿತು.

ಮುಂದಿನ ಏಳು ಪಂದ್ಯಗಳನ್ನೂ ಸೋತರು! ವರ್ಷದ ಕೊನೆಗೆ ಒಂದು ಗೆಲುವು, ಹತ್ತು ಸೋಲು.

ನಾನು ಈ ಕಥೆಯಲ್ಲಿ ನಿಂತುಬಿಟ್ಟದ್ದು ಇಲ್ಲಿಯೇ. ಹನ್ನೊಂದಕ್ಕೆ ಒಂದು ಎಂದರೆ ನೂರಕ್ಕೆ ಒಂಬತ್ತು. ಯಾವ ಪರೀಕ್ಷಕನ ಮುಂದಿಟ್ಟರೂ ಇದು ಅನುತ್ತೀರ್ಣ, ಕೃಪಾಂಕಕ್ಕೂ ಎಟುಕದು. ಹೊಸ ತರಬೇತುದಾರ ಬಂದೂ ಆದುದಿಷ್ಟೇ ಎಂದು ಆಡಳಿತದವರು ಅವರನ್ನು ಕಳುಹಿಸಿಬಿಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಕಟ್ಟಡದ ಪಾಯ ನೆಲದ ಕೆಳಗಿರುತ್ತದೆ. ಆ ವರ್ಷದ ಪಾಯ ಆ ಹತ್ತು ಸೋಲುಗಳ ಒಳಗೇ ಹೂತಿದ್ದಿತು. 1990ರಲ್ಲಿ ಐದು ಗೆದ್ದು ಆರು ಸೋತರು. 1991ರಲ್ಲಿ ಏಳು ಗೆದ್ದು ನಾಲ್ಕು ಸೋತರು. 1992ರಲ್ಲಿ ಮತ್ತೆ ಜಾರಿ ಐದಕ್ಕಿಳಿದರು. ಏರುವ ದಾರಿ ನೇರವಾಗಿದ್ದರೆ ಲೋಕದಲ್ಲಿ ಕಥೆಗಳೇ ಇರುತ್ತಿರಲಿಲ್ಲ. 1993ರಲ್ಲಿ ಒಂಬತ್ತು ಗೆದ್ದು, ವರ್ಷಾಂತ್ಯದ ಆಹ್ವಾನ ಪಂದ್ಯವೊಂದರಲ್ಲಿ ವಯೋಮಿಂಗ್ ತಂಡವನ್ನು 52ಕ್ಕೆ 17ರಿಂದ ಸೋಲಿಸಿದರು. ಅಂಥ ಪಂದ್ಯದಲ್ಲಿ ಆ ವಿದ್ಯಾಪೀಠಕ್ಕೆ ಅದೇ ಮೊದಲ ಜಯ.

ಅವರ ಉಪಾಯಗಳಲ್ಲಿ ಒಂದನ್ನು ಟೀಕಾಕಾರರು ಬಹಳ ಹಳಿದರು. ಕೂಟದ ಹೊರಗಿನ ಪಂದ್ಯಗಳಿಗೆ ದುರ್ಬಲ ತಂಡಗಳನ್ನೇ ಆರಿಸಿಕೊಳ್ಳುತ್ತಾರೆ, ಇದೇನು ಪುರುಷಾರ್ಥ ಎಂಬುದು ಅವರ ಆಕ್ಷೇಪ. ನಾಲ್ಕು ವರ್ಷದ ಕಾಲೇಜಿಗೆ ನೇರವಾಗಿ ಸೇರಲಾಗದೆ ಎರಡು ವರ್ಷದ ಸಣ್ಣ ಕಾಲೇಜುಗಳಲ್ಲಿ ಓದುತ್ತಿದ್ದ, ದೊಡ್ಡ ತಂಡಗಳ ಕಣ್ಣಿಗೆ ಬೀಳದ ಹುಡುಗರನ್ನು ಕರೆತರುತ್ತಾರೆ ಎಂಬುದೂ ಒಂದು ಮಾತು. ಎರಡನೆಯದನ್ನು ನಾನು ಆಕ್ಷೇಪವೆಂದೇ ತಿಳಿಯಲಾರೆ. ಮೊದಲನೆಯದರಲ್ಲಿ ಸ್ವಲ್ಪ ಹುರುಳಿದೆ; ಬಲಗೂಡಿದ ಮೇಲೂ ಆ ಅಭ್ಯಾಸವನ್ನು ಬಿಡದಿದ್ದುದು ಶೋಭೆಯಲ್ಲ. ಆದರೆ ಆರಂಭದ ವರ್ಷಗಳಲ್ಲಿ ಅದು ಸರಿಯಾಗಿತ್ತೆಂದು ನಾನು ಹೇಳಬಲ್ಲೆ. ಅದರ ತಿರುಗುಮುರುಗನ್ನು ಮಾಡಿ ಕೆಟ್ಟವನು ನಾನು.

ನಮ್ಮ ಕಾಲೇಜಿನಲ್ಲಿ ಕನ್ನಡ ಪತ್ರಿಕೆಯಲ್ಲಿ ಎರಡು ಬಾರಿ ತಪ್ಪಿದ ಹದಿನಾಲ್ಕು ಹುಡುಗರಿಗೆ ಸಂಜೆ ಪಾಠ ಹೇಳುವ ಕೆಲಸ ಹೋದ ವರ್ಷ ನನಗೆ ಬಂದಿತು. ಹೊಸ ಉತ್ಸಾಹ. ಕಷ್ಟವಾದುದನ್ನು ಮೊದಲು ಗೆದ್ದರೆ ಉಳಿದುದು ಸುಲಭವೆಂಬ ತರ್ಕದಿಂದ ಮೊದಲ ದಿನವೇ ಹಳಗನ್ನಡದ ಚಂಪೂ ಪದ್ಯವೊಂದನ್ನು ಕೊಟ್ಟು ಅನ್ವಯಿಸಿರೆಂದೆ. ಯಾರ ಲೇಖನಿಯೂ ಚಲಿಸಲಿಲ್ಲ. ಎರಡನೆಯ ವಾರ ಒಂಬತ್ತು ಮಂದಿ ಬಂದರು. ದಸರೆಯ ವೇಳೆಗೆ ಐವರು. ಹುಡುಗರಿಗೆ ಶ್ರದ್ಧೆಯಿಲ್ಲವೆಂದು ವಿಶ್ರಾಂತಿ ಕೊಠಡಿಯಲ್ಲಿ ಕಾಫಿ ಕುಡಿಯುತ್ತ ನಾನೂ ಎಲ್ಲರಂತೆ ನಿಟ್ಟುಸಿರು ಬಿಟ್ಟೆ. ಅವರು ಅದಾಗಲೇ ಎರಡು ಸಲ ಸೋತವರು. ಮೂರನೆಯ ಸೋಲನ್ನು ನಾನೇ ಮೊದಲ ದಿನ ಬಡಿಸಿದೆನೆಂಬುದು ಆಗ ನನಗೆ ಹೊಳೆಯಲಿಲ್ಲ. ಅವರಿಗೂ ಒಂದು ನಾರ್ತ್ ಟೆಕ್ಸಾಸ್ ಬೇಕಾಗಿತ್ತು.

ಕ್ಯಾನ್ಸಸ್ ಸ್ಟೇಟಿನ ಮುಂದಿನ ಕಥೆ ವೈಭವದ್ದು. 1997ರಿಂದ 2003ರವರೆಗಿನ ಏಳು ವರ್ಷಗಳಲ್ಲಿ ಆರು ಬಾರಿ ಹನ್ನೊಂದು ಪಂದ್ಯಗಳನ್ನು ಗೆದ್ದರು. 1998ರಲ್ಲಿ ನೆಬ್ರಾಸ್ಕವನ್ನು 40ಕ್ಕೆ 30ರಿಂದ ಸೋಲಿಸಿ, ಮೂವತ್ತು ವರ್ಷದ ಹಳೆಯ ಋಣವನ್ನು ತೀರಿಸಿದರು. ಅದೇ ಡಿಸೆಂಬರಿನಲ್ಲಿ, ಒಂದನ್ನೂ ಸೋಲದೆ ಬಂದ ತಂಡ ಕೂಟದ ಕೊನೆಯ ಪಂದ್ಯದಲ್ಲಿ ಹದಿನೈದು ಅಂಕ ಮುಂದಿದ್ದೂ, ಹೆಚ್ಚುವರಿ ಆಟದಲ್ಲಿ ಟೆಕ್ಸಾಸ್ ಎ ಅಂಡ್ ಎಂ ತಂಡಕ್ಕೆ 36ಕ್ಕೆ 33ರಿಂದ ಸೋತಿತು. ಗೆದ್ದಿದ್ದರೆ ರಾಷ್ಟ್ರದ ಪಟ್ಟಕ್ಕೇ ಆಡಬಹುದಾಗಿತ್ತು. ಆ ನೋವು ಅಲ್ಲಿನವರಿಗೆ ಇಂದಿಗೂ ಹಸಿಯಾಗಿದೆಯಂತೆ. ಗೆಲುವಿಲ್ಲದ ಆ 27 ಪಂದ್ಯಗಳಿಗೂ ಈ ಒಂದು ಸೋಲಿಗೂ ಎಷ್ಟು ಅಂತರ! 2003ರಲ್ಲಿ ಮೊದಲ ಸ್ಥಾನದಲ್ಲಿದ್ದ ಓಕ್ಲಹೋಮವನ್ನು 35ಕ್ಕೆ 7ರಿಂದ ಮಣಿಸಿ ಕೂಟದ ಪ್ರಶಸ್ತಿಯನ್ನು ತಂದರು. ಅದಕ್ಕೆ ಹಿಂದಿನದು ಬಂದದ್ದು 1934ರಲ್ಲಿ.

ಸ್ನೈಡರ್ ದಿನಕ್ಕೆ ಒಂದೇ ಊಟ, ಅದೂ ರಾತ್ರಿ ಬಹಳ ಹೊತ್ತಿನ ಮೇಲೆ, ಎಂಬ ನಿಯಮದಿಂದ ದುಡಿಯುತ್ತಿದ್ದರೆಂದು ಓದಿ ಹೇಳಿದಾಗ ನನ್ನ ಹೆಂಡತಿ, “ಆ ಮನೆಯಾಕೆಯ ಪಾಡನ್ನು ಯಾರಾದರೂ ಬರೆದಿದ್ದಾರೆಯೇ?” ಎಂದು ಕೇಳಿದಳು. ಉತ್ತರಕ್ಕಾಗಿ ತಡಕಾಡಿದೆ. 2005ರಲ್ಲಿ ಅವರು ನಿವೃತ್ತರಾದಾಗ ಕ್ರೀಡಾಂಗಣಕ್ಕೆ ಅವರ ಹೆಸರಿಡಲು ಹೊರಟರಂತೆ. ಹೆಸರಿನಲ್ಲಿ ‘ಕುಟುಂಬ’ ಎಂಬ ಮಾತೂ ಸೇರಬೇಕೆಂದು ಅವರು ಹಟ ಹಿಡಿದರು. ಇಂದಿಗೂ ಅದು ‘ಬಿಲ್ ಸ್ನೈಡರ್ ಫ್ಯಾಮಿಲಿ ಸ್ಟೇಡಿಯಂ’. “ಅಷ್ಟಾದರೂ ಗೊತ್ತಾಯಿತಲ್ಲ,” ಎಂದಳು. ತಂಡ ಮತ್ತೆ ಕುಂದಿತೆಂದು 2009ರಲ್ಲಿ ಅವರನ್ನು ಮರಳಿ ಕರೆದರು. 2012ರಲ್ಲಿ ಮತ್ತೊಮ್ಮೆ ಕೂಟದ ಪ್ರಶಸ್ತಿಯಲ್ಲಿ ಪಾಲು ತಂದುಕೊಟ್ಟು, 2018ರಲ್ಲಿ, ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ ಬಿಟ್ಟರು.

ಆದರೆ ನನ್ನ ಮನಸ್ಸು ಈ ಪ್ರಶಸ್ತಿಗಳ ಬಳಿ ನಿಲ್ಲುವುದಿಲ್ಲ. 1989ರಲ್ಲಿ ಅಂತಿಮ ವರ್ಷದಲ್ಲಿದ್ದ ಹುಡುಗರ ಬಳಿಗೇ ಹೋಗುತ್ತದೆ. ಆ ಕೊನೆಯ ಮೂರು ವರ್ಷಗಳಲ್ಲಿ ಅವರು ಕಂಡದ್ದು ಒಟ್ಟಿಗೆ ಒಂದು ಗೆಲುವು. ಆಮೇಲಿನ ಮೆರವಣಿಗೆಯಲ್ಲಿ ಅವರಿರಲಿಲ್ಲ. ಅವರು ನಡುವೆ ಅಂಗಿ ಕಳಚಿಟ್ಟು ಹೋಗಿದ್ದರೆ ಹೊಸಬರಿಗೆ ಬಂದು ಸೇರಲು ತಂಡವೆಂಬುದೇ ಇರುತ್ತಿರಲಿಲ್ಲ.

ಎದುರುಮನೆಯ ಹುಡುಗ ಹೊರಡುವ ದಿನ ತನ್ನ ನೇರಳೆ ಅಂಗಿಗಳಲ್ಲಿ ಒಂದನ್ನು ನನಗೆ ಕೊಟ್ಟುಹೋದ. ತೊಡುವ ಧೈರ್ಯವಾಗಿಲ್ಲ, ಪೆಟ್ಟಿಗೆಯಲ್ಲಿದೆ. ಈ ವರ್ಷ ಸಂಜೆ ಪಾಠಕ್ಕೆ ಹನ್ನೊಂದು ಮಂದಿ ಹೆಸರು ಕೊಟ್ಟಿದ್ದಾರೆ. ಅವರಲ್ಲಿ ಹಿಂದಿನ ವರ್ಷ ಬಿಟ್ಟುಹೋದ ಇಬ್ಬರಿದ್ದಾರೆ. ಕಳೆದ ಗುರುವಾರ ಹೊಸಗನ್ನಡದ ಹತ್ತು ಸಾಲಿನ ಗದ್ಯವನ್ನು ಕೊಟ್ಟು, ತಿಳಿದಷ್ಟನ್ನು ನಿಮ್ಮ ಮಾತಿನಲ್ಲಿ ಬರೆಯಿರಿ ಎಂದೆ. ಎಲ್ಲರೂ ಬರೆದರು. ಹಿಂದಿನ ಬೆಂಚಿನವನೊಬ್ಬ ಕಾಗದವನ್ನು ಕೊಡುವಾಗ, “ಸಾರ್, ಇದು ಪರೀಕ್ಷೆಗೆ ಬರುವಷ್ಟು ಕಷ್ಟದ್ದಲ್ಲ, ಅಲ್ಲವೇ?” ಎಂದು ಸಂಶಯದಿಂದ ಕೇಳಿದ. ಅಲ್ಲವೆಂದೇ ಹೇಳಿದೆ. ಮುಂದಿನ ಗುರುವಾರ ಎಷ್ಟು ಮಂದಿ ಬರುವರೋ ನೋಡಬೇಕು.