ಹುಟ್ಟಿದ ತಾರೀಖಿನಂದೇ ಮರಣ

ಜಾಜ್ ವಾದಕ ಸಿಡ್ನಿ ಬೆಷೆ 1897ರ ಮೇ 14ರಂದು ಜನಿಸಿ, 1959ರ ಮೇ 14ರಂದೇ ತೀರಿಕೊಂಡನು. ಅಮೆರಿಕದ ಗಾಯಕ ಮರ್ಲ್ ಹ್ಯಾಗರ್ಡನು 1937ರ ಏಪ್ರಿಲ್ 6ರಂದು ಹುಟ್ಟಿ, 2016ರಲ್ಲಿ ಅದೇ ತಾರೀಖಿನಂದು ಕಣ್ಮುಚ್ಚಿದನು. ಇಂತಹ ಸುದ್ದಿ ಕಿವಿಗೆ ಬಿದ್ದೊಡನೆ ವಿಧಿಲಿಖಿತವೆಂದು ತಲೆದೂಗುವವರಲ್ಲಿ ಸಂಭಾವ್ಯತೆಯ ಗಣಿತವನ್ನು ಓದಿದವರೂ ಸೇರಿರುವುದು ವಿಷಾದದ ಸಂಗತಿ.

ಸಾವು ಜನ್ಮದಿನದಂದೇ ಬರುವ ಸಂಭವ 365ರಲ್ಲಿ ಒಂದು. ಆದಕಾರಣ ಸಾವಿರ ಮಂದಿ ಸಂಗೀತಗಾರರ ಚರಿತ್ರೆಯನ್ನು ತೆರೆದು ನೋಡಿದರೆ ಇಂಥವರು ಇಬ್ಬರೋ ಮೂವರೋ ಸಿಕ್ಕಬೇಕಾದದ್ದೇ. ಒಬ್ಬನೂ ಸಿಕ್ಕದಿರುವುದೇ ಸೋಜಿಗ; ಅದರ ಸಂಭವ ನೂರಕ್ಕೆ ಸುಮಾರು ಆರು ಮಾತ್ರ. ಮಿಕ್ಕವರ ತಾರೀಖುಗಳನ್ನು ಯಾರು ತಾನೆ ಎಣಿಸುತ್ತಾರೆ? ತಾನು ಹುಟ್ಟಿದ ದಿನವೇ ಸಾಯುವೆನೆಂದು ಹ್ಯಾಗರ್ಡನು ವಾರದ ಮೊದಲೇ ನುಡಿದಿದ್ದನೆಂದು ಅವನ ಮಗ ಹೇಳಿದ್ದುಂಟು. ರೋಗದಿಂದ ಬಳಲುತ್ತಿದ್ದ ವೃದ್ಧನಿಗೆ ಹತ್ತಿರ ಬಂದ ಜನ್ಮದಿನ ನೆನಪಾದುದರಲ್ಲಿ ಅತಿಶಯವೇನಿದೆ?

ಪ್ರತಿಪಕ್ಷದ ಮಾತನ್ನೂ ಹೇಳಬೇಕು. ಸ್ವಿಟ್ಸರ್ಲೆಂಡಿನ 20 ಲಕ್ಷಕ್ಕೂ ಮಿಕ್ಕ ಮರಣಗಳನ್ನು ಪರಿಶೀಲಿಸಿದ, 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅರವತ್ತು ದಾಟಿದವರಲ್ಲಿ ಜನ್ಮದಿನದ ಸಾವು ನೂರಕ್ಕೆ ಸುಮಾರು 14ರಷ್ಟು ಅಧಿಕವೆಂದು ಕಂಡುಕೊಂಡಿತು. ಅದನ್ನು ಒಪ್ಪಿದರೂ 365ಕ್ಕೆ ಒಂದೆಂಬುದು 320ಕ್ಕೆ ಒಂದಾದೀತು, ಅಷ್ಟೆ.