ಹುರುಳಿ ಮಾರಿ ಪ್ರೋಟೀನ್ ಡಬ್ಬ ತಂದವನ ಲೆಕ್ಕ

ತೋಟಗಾರಿಕೆ ಪದವಿ ಮುಗಿಸಿ ಊರಿಗೆ ಬಂದು ಸಾವಯವ ಕೃಷಿಗೆ ಇಳಿದ ಹೊಸತು. ಸಂಜೆ ಪಕ್ಕದ ಪಟ್ಟಣದ ಜಿಮ್‌ಗೆ ಹೋಗ್ತಿದ್ದೆ. ನಾನು ಸಸ್ಯಾಹಾರಿ ಅಂತ ಗೊತ್ತಾದ ಕೂಡಲೇ ಅಲ್ಲಿ ಹೇಳಿಕೊಡೋನು, "ಸೊಪ್ಪು ತಿಂದ್ರೆ ಬಾಡಿ ಬರಲ್ಲ ಗುರು, ಡಬ್ಬ ತಗೋ" ಅಂದ. 2,800 ರೂಪಾಯಿ ಕೊಟ್ಟು ಒಂದು ಕೆಜಿ ಪ್ರೋಟೀನ್ ಪುಡಿ ತಂದೆ. ದುಡ್ಡು ಎಲ್ಲಿಂದ ಬಂತು ಅಂತೀರಾ? ಅದೇ ವಾರ ಕೆಜಿಗೆ 40 ರೂಪಾಯಿಯಂತೆ ವ್ಯಾಪಾರಿಗೆ ತೂಗಿ ಕೊಟ್ಟ ಹುರುಳಿಯಿಂದ.

ಡಬ್ಬ ನೋಡಿ ಅಜ್ಜಿ ಕೇಳಿದ್ದು ಒಂದೇ ಮಾತು: "ಉಳುಮೆಗೆ ಮುಂಚೆ ನಿಮ್ಮ ತಾತ ಎತ್ತಿಗೆ ಏನು ಬೇಯಿಸಿ ಹಾಕ್ತಿದ್ರು, ನೆನಪೈತೇನಪ್ಪಾ?"

ಹುರುಳಿ! ಎತ್ತಿನ ಹೊಟ್ಟೆ ಬೇರೆ, ನಮ್ಮ ಹೊಟ್ಟೆ ಬೇರೆ, ನಿಜ. ಆದರೂ ಆ ರಾತ್ರಿ ಲೆಕ್ಕ ಹಾಕಿದೆ. 2,800 ರೂಪಾಯಿ ಅಂದ್ರೆ 70 ಕೆಜಿ ಹುರುಳಿ. ಅದರಲ್ಲಿ ಸುಮಾರು ಶೇ. 22ರಷ್ಟು ಪ್ರೋಟೀನ್. ಅಂದರೆ 15 ಕೆಜಿ ಪ್ರೋಟೀನ್ ಮಾರಿ, ಮುಕ್ಕಾಲು ಕೆಜಿ ಪ್ರೋಟೀನ್ ಮನೆಗೆ ತಂದಿದ್ದೆ.

ಡಬ್ಬದಲ್ಲಿರೋದು ವಿಷ ಅಂತ ನಾನು ಹೇಳಲ್ಲ. ಹೆಚ್ಚಿನವು ಹಾಲಿನಿಂದಲೇ ತೆಗೆದ ಪುಡಿ, ಕಾಳಿಗಿಂತ ಸುಲಭವಾಗಿ ಜೀರ್ಣವಾಗುತ್ತವೆ. ಕಾಳು ಸಿಗದ ಊರಿನವರು ಕೊಂಡರೆ ಕೊಳ್ಳಲಿ. ಕಾಳು ಬೆಳೆಯೋ ನಾವು ಮನೆಗೆ ಒಂದು ಮೂಟೆ ಇಟ್ಟುಕೊಳ್ಳದೆ ಮಾರಿ ಡಬ್ಬ ತರೋದು ಮಾತ್ರ ದಡ್ಡತನ.

ಎಷ್ಟು ಬೇಕು, ಎಲ್ಲಿಂದ ಬರುತ್ತೆ?

ಸಾಮಾನ್ಯ ವಯಸ್ಕರಿಗೆ ದೇಹತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಅಂತ ಐಸಿಎಂಆರ್ 2020ರಲ್ಲಿ ಶಿಫಾರಸು ಮಾಡಿದೆ. ಕಸರತ್ತು ಮಾಡಿ ಸ್ನಾಯು ಬೆಳೆಸೋರಿಗೆ 1.2ರಿಂದ 1.6 ಗ್ರಾಂ ಅಂತ ಇಟ್ಟುಕೊಳ್ಳಿ. 60 ಕೆಜಿ ತೂಕದವರಿಗೆ 72ರಿಂದ 96 ಗ್ರಾಂ ಆಯಿತು. ನಮ್ಮ ಅಡುಗೆಮನೆಯ ಲೆಕ್ಕ (ಬೇಯಿಸುವ ಮುಂಚಿನ ತೂಕ) ನೋಡಿ:

- ಹುರುಳಿ 60 ಗ್ರಾಂ – 13 ಗ್ರಾಂ ಪ್ರೋಟೀನ್
- ತೊಗರಿಬೇಳೆ 50 ಗ್ರಾಂ – 11
- ಕಡಲೆಕಾಯಿ ಬೀಜ 50 ಗ್ರಾಂ – 12
- ಹಾಲು, ಮೊಸರು ಸೇರಿ ಅರ್ಧ ಲೀಟರ್ – 16
- ರಾಗಿ, ಅಕ್ಕಿ ಸೇರಿ 300 ಗ್ರಾಂ – 22

ಒಟ್ಟು 74 ಗ್ರಾಂ. ಸಾಲದಿದ್ದರೆ 25 ಗ್ರಾಂ ಸೋಯಾ ಚಂಕ್ಸ್ ಸೇರಿಸಿ, ಇನ್ನೂ 13 ಬಂತು. ಧಾನ್ಯದಲ್ಲಿ ಲೈಸಿನ್ ಕಡಿಮೆ, ಕಾಳಿನಲ್ಲಿ ಮೆಥಿಯೋನಿನ್ ಕಡಿಮೆ. ಮುದ್ದೆಗೆ ಹುರುಳಿ ಸಾರು ಅಂತ ಹಿಂದಿನವರು ಜೋಡಿ ಮಾಡಿದ್ದು ಇಲ್ಲಿ ಸರಿಹೋಗುತ್ತೆ.

ಒಂದು ಎಚ್ಚರಿಕೆ. ಬಸ್ಸಾರಿನ ಕಟ್ಟಿನಲ್ಲಿ ರುಚಿ ಜಾಸ್ತಿ, ಆದರೆ ಪ್ರೋಟೀನ್ ಹೆಚ್ಚಾಗಿ ಉಳಿಯೋದು ಕಾಳಿನಲ್ಲೇ. ಕಟ್ಟು ನಾವು ಕುಡಿದು ಕಾಳನ್ನು ಹಸುವಿಗೆ ಹಾಕಿದರೆ ಮೈ ಕಟ್ಟೋದು ಹಸುವಿಗೆ! ಗ್ಯಾಸ್ ಆಗುತ್ತೆ ಅನ್ನೋರು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಮೊಳಕೆ ಕಟ್ಟಿ, ಚೆನ್ನಾಗಿ ಬೇಯಿಸಿ. ಒಂದು ಹಿಡಿಯಿಂದ ಶುರು ಮಾಡಿ, ನಿಧಾನಕ್ಕೆ ಹೆಚ್ಚಿಸಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ.

"ದಿನಾ ಹೊಲದಲ್ಲಿ ದುಡಿತೀನಲ್ಲ, ಕಸರತ್ತು ಯಾಕೆ?" ಅನ್ನೋದು ಇನ್ನೊಂದು ಪ್ರಶ್ನೆ. ಕಳೆ ಕಿತ್ತರೆ ಸುಸ್ತಾಗುತ್ತೆ, ಸ್ನಾಯು ಬೆಳೆಯಲ್ಲ. ದೇಹ ಒಂದೇ ಭಾರಕ್ಕೆ ಒಗ್ಗಿಹೋಗುತ್ತೆ. ಭಾರ ಹಂತಹಂತವಾಗಿ ಏರಬೇಕು. ದಂಡ, ಬಸ್ಕಿ, ಆಮೇಲೆ ಬೆನ್ನಿಗೆ ಮರಳು ಚೀಲ ಹೊತ್ತು ಬಸ್ಕಿ, ಹೀಗೆ ವಾರಕ್ಕೆ ಎರಡು ಮೂರು ದಿನ. ಜೊತೆಗೆ ಮೊಬೈಲ್ ಬದಿಗಿಟ್ಟು ಕಣ್ತುಂಬ ನಿದ್ದೆ.

ಮೊದಲು ಹೊಲದಲ್ಲಿ ಇರಲಿ

ಮೊದಲೆಲ್ಲ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಇರ್ತಿತ್ತು. ತೊಗರಿ, ಅವರೆ, ಅಲಸಂದೆ, ಹುಚ್ಚೆಳ್ಳು ಎಲ್ಲ ಅಲ್ಲೇ. ಈಗ ಅಡಿಕೆ, ಟೊಮೆಟೊ ಬಂದು ಆ ಸಾಲುಗಳೇ ಮಾಯ. ನಮ್ಮ ಹೊಲದಲ್ಲೂ ಹಾಗೇ ಆಗಿತ್ತು, ತಪ್ಪು ನಂದೇ. ಬೇಳೆಯನ್ನೂ ಅಂಗಡಿಯಿಂದ ತರೋದಾದರೆ, ರೇಟು ಏರಿದ ದಿನ ಮೊದಲು ತೆಳ್ಳಗಾಗೋದು ಸಾರು, ಆಮೇಲೆ ನಮ್ಮ ತೋಳು.

ಮೇಲಿನ ಲೆಕ್ಕದಂತೆ ಒಬ್ಬರಿಗೆ ದಿನಕ್ಕೆ 110 ಗ್ರಾಂ ಕಾಳು-ಬೇಳೆ ಅಂದರೆ ವರ್ಷಕ್ಕೆ 40 ಕೆಜಿ. ನಾಲ್ಕು ಜನರ ಮನೆಗೆ 160 ಕೆಜಿ. ಮಳೆ ನಿಂತ ಮೇಲೆ ಉಳಿದ ತೇವದಲ್ಲೇ ಹುರುಳಿ ಬರುತ್ತೆ, ಬದುವಿನ ಮೇಲೆ ತೊಗರಿ ಬರುತ್ತೆ. ಬೇರಿನ ಗಂಟುಗಳಿಂದ ಮಣ್ಣಿಗೂ ಸಾರಜನಕ ಸಿಗುತ್ತೆ.

ಈಗ ನಮ್ಮನೆಯಲ್ಲಿ ಒಂದು ನಿಯಮ. ಒಕ್ಕಣೆ ಆದ ದಿನ ಮನೆಯ ಮೂಟೆ ಮೊದಲು ಕಟ್ಟಬೇಕು, ಮಿಕ್ಕಿದ್ದು ಮಂಡಿಗೆ. ನೀವೂ ಈ ಸಲ ಹಾಗೇ ಮಾಡಿ ನೋಡಿ. ನಮ್ಮ ಆ ಡಬ್ಬ ಖಾಲಿಯಾಗಿ ವರ್ಷಗಳಾದವು. ಅಜ್ಜಿ ಅದರಲ್ಲಿ ಬಿತ್ತನೆ ಹುರುಳಿ ತುಂಬಿಟ್ಟಿದ್ದಾರೆ.